ಸೇತುವೆಯ ಪುಟಕ್ಕೊಂದು ಆಧಾರ

ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಕ್. ಮನೆಯೆಲ್ಲ ಮಲಗಿದ ಮೇಲೆ ಮಾವನ ಕೋಣೆಯಿಂದ ಬರುತ್ತಿದ್ದುದು ಒಂದೇ ಬೆರಳಿನಲ್ಲಿ ಕಂಪ್ಯೂಟರಿನ ಕೀಲಿ ಒತ್ತುವ ಸದ್ದು. ಅದು ನಿಂತ ಮರುಕ್ಷಣವೇ ನನ್ನ ಫೋನಿನಲ್ಲಿ ಸೂಚನೆ ಬಂತು. ಅಂತರ್ಜಾಲದ ವಿಶ್ವಕೋಶದಲ್ಲಿ ನಾನು ಕಣ್ಣಿಟ್ಟಿರುವ ಪುಟಗಳಲ್ಲೊಂದು, ನಮ್ಮೂರ ಹೊಳೆಸೇತುವೆಯದು, ಬದಲಾಗಿತ್ತು.

‘೮ ಕಂಬಗಳ ಈ ಭವ್ಯ ಸೇತುವೆಯನ್ನು ವಿನ್ಯಾಸ ಮಾಡಿದವರು’ ಎಂದಿತ್ತು. ಮುಂದೆ ದಪ್ಪಕ್ಷರದಲ್ಲಿ ಮಾವನ ಹೆಸರು. ಇದು ಎಲ್ಲಿ ಅಚ್ಚಾಗಿದೆ ಎಂಬ ಆಧಾರ ಮಾತ್ರ ಸೊನ್ನೆ. ಇದೇ ಸಾಲನ್ನು ಹಿಂದೆ ಎರಡು ಸಲ ಅಳಿಸಿದವಳು ನಾನೇ. ಅಲ್ಲಿ ನನ್ನ ಹೆಸರು ‘ಇರುವೆ’. ಮಾವನ ಅಭಿಮಾನಿ ಯಾರೋ ಬರೆಯುತ್ತಿದ್ದಾನೆ ಎಂದುಕೊಂಡಿದ್ದೆ!

ಈ ಸಲ ನಾನು ಮುಟ್ಟಲಿಲ್ಲ. ಆದರೆ ಬೆಳಗಾಗುವಷ್ಟರಲ್ಲಿ ವಿಶ್ವಕೋಶದ ನಿರ್ವಾಹಕರೊಬ್ಬರು ಅಳಿಸಿ, ಆಧಾರವಿಲ್ಲದೆ ಇನ್ನೊಮ್ಮೆ ಸೇರಿಸಿದರೆ ಖಾತೆಗೇ ತಡೆ ಎಂದು ಎಚ್ಚರಿಸಿದ್ದರು.

“ಯಾವನೋ ಇರುವೆಯಂತೆ!” ತಿಂಡಿಯ ಹೊತ್ತಿಗೆ ಮಾವ ಲೋಟ ಕುಕ್ಕಿದರು. “ಮೂವತ್ತು ವರ್ಷ ಇಂಜಿನಿಯರ್ ಆಗಿದ್ದವನಿಗೆ ಆಧಾರ ಕೊಡು ಅಂತಾನೆ. ಈಗ ಅವನ ಯಜಮಾನ ಬೇರೆ ಹೆದರಿಸ್ತಾನೆ.”

“ಸಕ್ಕರೆ ಡಬ್ಬಿ ಮುಚ್ಚಿಡಿ, ತಾನೇ ಹೋಗತ್ತೆ,” ಎಂದರು ಅತ್ತೆ.

“ನಿನಗೆ ತಮಾಷೆ ಕಣೇ. ನಾನು ಹೋದ ಮೇಲೆ ಆ ಸೇತುವೆ ಆಕಾಶದಿಂದ ಬಿತ್ತು ಅಂತ ಬರೀತಾರೆ.”

ಆ ಕೊನೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನ್ನ ಕೈಯ ಚಮಚ ನಿಂತಿತು.

“ಅಚ್ಚಾಗಿರೋದು ಏನಾದ್ರೂ ಇದ್ಯಾ ಮಾವ?”

ಅವರು ಹೋದ ತಿಂಗಳ ಪತ್ರಿಕೆಯ ತುಣುಕು ತಂದರು. “ನೋಡಮ್ಮ, ಪೇಪರಲ್ಲೇ ಬಂದಿದೆ.”

“೮ ಕಂಬ ಅಂತಿದೆ. ಇರೋದು ಏಳಲ್ವಾ?”

ಮಾವ ಕನ್ನಡಕ ಸರಿಸಿ ನೋಡಿದರು. ಮುಖ ಸಣ್ಣಗಾಯಿತು. “ಏಳೇ. ನಾನು ಟೈಪ್ ಮಾಡುವಾಗ ಬೆರಳು ಜಾರಿತ್ತು. ಹಾಗಾದ್ರೆ ಈ ಪೇಪರಿನವನು... ಅಲ್ಲಿ ನಾನು ಬರೆದದ್ದನ್ನೇ ಎತ್ತಿಬಿಟ್ಟಿದ್ದಾನೆ, ಕಳ್ಳ!”

ತಾನೇ ಬಾವಿಗೆ ನೀರು ಸುರಿದು ಒರತೆ ಸಿಕ್ಕಿತು ಎಂದ ಹಾಗಾಗಿತ್ತು. ಅವರು ತುಣುಕನ್ನು ಮಡಚಿ ಒಳಗೆ ಹೋದರು.

ನಾನು ಕೆಲಸ ಮಾಡುವ ಕಾಲೇಜು ಗ್ರಂಥಾಲಯದಲ್ಲಿ ಇಂಜಿನಿಯರುಗಳ ಸಂಘದ ಹಳೆಯ ವಾರ್ಷಿಕ ಸಂಚಿಕೆಗಳಿವೆ. ಊಟದ ವಿರಾಮಗಳಲ್ಲಿ ಧೂಳು ಕೊಡವುತ್ತ ಹುಡುಕಿದೆ. ಸಿಕ್ಕಿತು. ನಡುಹೊಳೆಯ ಮೂರು ಕಂಬಗಳ ತಳಪಾಯದ ವಿನ್ಯಾಸ ಮಾವನದು, ಉಳಿದದ್ದು ಮುಖ್ಯ ಇಂಜಿನಿಯರರದು. ಮಾವ ಹೇಳಿಕೊಂಡಿದ್ದಕ್ಕಿಂತ ಕಡಿಮೆ, ನಿಜ. ಆದರೆ ಇದನ್ನು ಯಾರೂ ಅಲುಗಾಡಿಸಲಾರರು.

ಮನೆಯ ಬೀಗವನ್ನು ಎರಡೆರಡು ಸಲ ಎಳೆದು ನೋಡುವವಳು ನಾನು. ಈ ಕೆಲಸದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಒಂದೇ ವಾಕ್ಯ ಬರೆದೆ. ‘ಭವ್ಯ’ ಹೋಯಿತು, ದಪ್ಪಕ್ಷರವೂ ಹೋಯಿತು. ಲೇಖಕ, ಶೀರ್ಷಿಕೆ, ಸಂಪುಟ, ವರ್ಷ, ಪುಟಸಂಖ್ಯೆ, ಒಂದೊಂದನ್ನೂ ಅದರದರ ಖಾನೆಯಲ್ಲಿ ಕೂರಿಸಿದೆ. ಪೂರ್ಣವಿರಾಮಕ್ಕೆ ಅಂಟಿಕೊಂಡು, ನಡುವೆ ಜಾಗ ಬಿಡದೆ, ಒತ್ತಿದರೆ ಸಂಚಿಕೆಯ ವಿವರ ತೋರಿಸುವ ಆಧಾರದ ಪುಟ್ಟ ಅಂಕಿ ಮೂಡಿತು. ಈ ವ್ಯಕ್ತಿ ನನ್ನ ನೆಂಟರೆಂದು ನಿರ್ವಾಹಕರಿಗೆ ಖಾಸಗಿಯಾಗಿ ಮೊದಲೇ ತಿಳಿಸಿ, ಅವರು ಸಂಚಿಕೆಯ ಪುಟವನ್ನು ನೋಡಿ ಒಪ್ಪಿದ ಮೇಲೇ ಅದನ್ನು ಸೇರಿಸಿದ್ದು.

ಮರುದಿನ ಸಂಜೆ ಮಾವ ಎಲ್ಲರನ್ನೂ ಕೂಗಿ ಕರೆದು ಓದಿಸಿದರು.

“ಬರೀ ತಳಪಾಯಾನಾ ಅಪ್ಪ?” ಎಂದರು ನನ್ನ ಗಂಡ.

“ಲೋ, ನಡುಹೊಳೇಲಿ ಬರೀ ಮರಳು. ಆ ಮೂರು ನಿಂತಿದ್ದಕ್ಕೇ ಉಳಿದ ನಾಲ್ಕಕ್ಕೆ ಮರ್ಯಾದೆ! ಮಿಕ್ಕಿದ್ದು ಸಾಹೇಬರದು, ಅವರಿಗೇ ಇರಲಿ.” ಮಾವ ಆ ಅಂಕಿಯನ್ನು ಒತ್ತಿದರು, ಮತ್ತೆ ಒತ್ತಿದರು. “ಇರುವೆ ಹುಡುಕಿದ್ದಾನೆ ಕಣಯ್ಯ. ನಾನ್ಯಾರು ಅಂತಲೂ ಗೊತ್ತಿಲ್ಲ ಅವನಿಗೆ. ಮನೆಯವರು ಹೊಗಳೋದು ಬೇರೆ, ಗುರುತಿಲ್ಲದವನು ಹುಡುಕಿ ಬರೆಯೋದು ಬೇರೆ.”

ಆಮೇಲೆ ಅಡುಗೆಮನೆಯಲ್ಲಿ ಗಂಡ ಕೇಳಿದರು: “ಯಾರಿರಬಹುದು ಕಣೇ ಆ ಇರುವೆ?”

ಬಾಯಿಯವರೆಗೆ ಬಂದಿತ್ತು. ಹೇಳಿದರೆ ನಾಳೆಯೊಳಗೆ ಮಾವನಿಗೆ ಮುಟ್ಟುತ್ತದೆ. ಆಗ ಆ ಅಂಕಿ ಅವರ ಕಣ್ಣಿಗೆ ಸೊಸೆ ಮಾಡಿದ ಉಪಕಾರವಾಗಿಬಿಡುತ್ತದೆ.

“ಯಾರೋ ಪುಣ್ಯಾತ್ಮ,” ಎಂದು ಲೋಟ ತೊಳೆದಿಟ್ಟೆ. ಇವರಿಗೂ ಹೇಳುವುದಿಲ್ಲ, ಅತ್ತೆಗೂ ಇಲ್ಲ, ಈ ಮನೆಯಲ್ಲಿ ಯಾರಿಗೂ ಇಲ್ಲ.