ತುಂಬಿದ ಡಬ್ಬಿಗೇ ಮತ್ತೆ ಬಣ್ಣ

ಬಣ್ಣದ ಕಾರ್ಖಾನೆಯಲ್ಲಿ ಅವಳು ಬಣ್ಣ ಬೆರೆಸುವವಳು. ಹಳದಿಗೆ ಎಷ್ಟು ಕೆಂಪು ಬಿದ್ದರೆ ಇಟ್ಟಿಗೆ ಬಣ್ಣವಾಗುತ್ತದೆಂದು ಕಣ್ಣಳತೆಯಲ್ಲೇ ಹೇಳುತ್ತಿದ್ದಳು. ಬೆರೆಸುವ ಯಂತ್ರ ಬಂದಿದ್ದೇ ತಡ, ಮೇಲಿನವರು ಕಡ್ಡಿ ಮುರಿದ ಹಾಗೆ ಹೇಳಿದರು: ಅದಕ್ಕೆ ಪ್ರೋಗ್ರಾಮ್ ಬರೆಯೋದು ಕಲಿಯಿರಿ, ಇಲ್ಲಾಂದ್ರೆ ಕೆಲಸ ಬಿಡಿ.

ತರಗತಿ ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ, ಗೋಡೆಯೆಲ್ಲ ಟ್ಯೂಬ್‌ಲೈಟಿನ ಬಿಳಿ. ಕಲಿಸುವವಳು ಬೇರೆ ಯಾರೂ ಅಲ್ಲ, ಅವಳ ನಾದಿನಿಯೇ. ಹಗಲೆಲ್ಲ ಇಲ್ಲಿ ಎದುರುಬದುರು, ಸಂಜೆ ಮನೆಯ ಅಡುಗೆಮನೆಯಲ್ಲಿ ಮತ್ತೆ ಅದೇ ಮುಖ. ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ.

"ಅತ್ತಿಗೆ, ಡಬ್ಬಿ ಅನ್ನೋದು ಒಂದು ಆಬ್ಜೆಕ್ಟ್. ಅದಕ್ಕೊಂದು ಬಣ್ಣ ಇದೆ, ಗಾತ್ರ ಇದೆ. ತುಂಬ್ಕೊಳ್ಳೋದು, ಮುಚ್ಕೊಳ್ಳೋದು ಅದಕ್ಕೆ ಗೊತ್ತಿರೋ ಕೆಲಸ."

"ಡಬ್ಬಿಗೇ ಕೆಲಸ ಗೊತ್ತು, ನನಗೆ ಗೊತ್ತಿಲ್ಲ ಅನ್ನು."

ಹಿಂದೆ ಯಾರೋ ಕಿಸಕ್ಕೆಂದರು. ನಾದಿನಿ ನಗಲಿಲ್ಲ.

ಆಬ್ಜೆಕ್ಟ್ ಹೇಗೋ ತಲೆಗೆ ಹತ್ತಿತು. ಲೂಪ್ ಮಾತ್ರ ಜಪ್ಪಯ್ಯ ಅಂದರೂ ಹತ್ತಲಿಲ್ಲ. ಸಾಲಿನಲ್ಲಿರುವ ಪ್ರತಿ ಡಬ್ಬಿಗೂ ಅದೇ ಕೆಲಸ ಮಾಡಿಸಬೇಕು, ಡಬ್ಬಿ ಮುಗಿದಾಗ ನಿಲ್ಲಬೇಕು. ಕೇಳೋದಕ್ಕೆ ಸಲೀಸು; ಬರೆಯಲು ಕೂತರೆ ಬೆರಳು ಮರಗಟ್ಟುತ್ತಿದ್ದವು.

ಪರೀಕ್ಷೆಯ ದಿನ ನಿಜವಾದ ಯಂತ್ರವನ್ನೇ ಓಡಿಸಬೇಕಿತ್ತು. ಗಾಜಿನಾಚೆ ಮೊದಲ ಡಬ್ಬಿಗೆ ನೀಲಿ ತುಂಬಿತು, ಮುಚ್ಚಳ ಬಿತ್ತು. ಯಂತ್ರ ಮುಂದಕ್ಕೆ ಹೋಗಲೇ ಇಲ್ಲ. ಆ ಮುಚ್ಚಳದ ಮೇಲೇ ಮತ್ತೆ ಸುರಿಯಿತು, ಮತ್ತೂ ಸುರಿಯಿತು. ನೀಲಿ ಡಬ್ಬಿಯಿಂದಿಳಿದು ನೆಲದ ಮೇಲೆ ಹರಿಯತೊಡಗಿತು.

"ನಿಲ್ಸೇ ಅದನ್ನ!"

"ನೀವೇ ನಿಲ್ಸಿ. ಏನು ಬಿಟ್ಟಿದ್ದೀರಿ, ನೋಡಿ," ಎಂದು ನಾದಿನಿ ಕೈಕಟ್ಟಿ ನಿಂತಳು.

ಅವಳೇ ತಡಕಾಡಿ ಗುಂಡಿ ಒತ್ತಿ ನಿಲ್ಲಿಸಿದಳು. ಬೆವರು ಒರೆಸಿಕೊಳ್ಳುತ್ತ ಪ್ರೋಗ್ರಾಮಿನ ಒಂದೊಂದೇ ಸಾಲನ್ನು ಬಾಯಿಬಿಟ್ಟು ಓದಿದಳು. ತುಂಬು ಎಂದಿದ್ದಳು, ಮುಚ್ಚು ಎಂದಿದ್ದಳು. ಮುಂದಿನ ಡಬ್ಬಿಗೆ ಹೋಗು ಎಂದೇ ಇರಲಿಲ್ಲ. ಅದನ್ನು ಸೇರಿಸಿ ಮತ್ತೆ ಓಡಿಸಿದಳು. ಡಬ್ಬಿಗಳು ತುಂಬಿದವು, ಮುಚ್ಚಿಕೊಂಡವು, ಸರಿದವು. ಕೊನೆಯದು ಮುಗಿದಾಗ ಯಂತ್ರ ತಾನೇ ಸುಮ್ಮನಾಯಿತು.

"ಇದು ಅವಳ ಕೈಲಾಗಲ್ಲ, ಬಿಡಿಸ್ಬಿಡು ಅಂತ ಅಣ್ಣ ದಿನಾ ನನ್ನ ತಲೆ ತಿಂತಿದ್ದ," ಎಂದಳು ನಾದಿನಿ ಮೆಲ್ಲಗೆ. "ನಾನು ಕೈ ಹಾಕಿದ್ರೆ ಅವನ ಮಾತೇ ನಿಜ ಆಗ್ತಿತ್ತು."

ಅವಳು ನಾದಿನಿಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿದಳು.

ಪಾಸಾದವಳಿಗೆ ಯಂತ್ರದ ಪಕ್ಕದ ಗಾಜಿನ ಕೋಣೆ ಕೊಟ್ಟರು. ಒಂದು ಕುರ್ಚಿ, ಒಂದು ಪರದೆ. ಬೆಳಗಿನಿಂದ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ.

ಸಂಜೆ ಗಂಡ ಕೇಳಿದ, "ಇನ್ನೇನಮ್ಮ, ಹಾಯಾಗಿ ಕೂತು ಮಾಡೋ ಕೆಲಸ?"

"ಕೂತೇ ಇರ್ಬೇಕು," ಎಂದಳು. "ಎದ್ದು ಹೋಗೋ ಹಾಗಿಲ್ಲ."

ಅವತ್ತು ಅವಳು ನಿಂತೇ ಊಟ ಮಾಡಿದಳು.