ನವೋಮಿಯ ಹೆಸರಿಗೆ ಕಾಟು ಹಾಕಿದ ಶುಕ್ರವಾರ

ಶಿಬಿರವನ್ನು ಬಾದಾಮಿಯಲ್ಲಿ ಮಾಡೋಣವೆಂದು ಮೊದಲು ಹೇಳಿದವನು ರೂಬೆನನೇ. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಯಂತ್ರಗಳ ಉಸ್ತುವಾರಿ ನೋಡುವ ರೂಬೆನ ತಳಕರನದು ಆ ಊರಿನ ಒಂದೇ ಒಂದು ಯಹೂದಿ ಮನೆ. ಅವನ ಅಜ್ಜ ಕೊಂಕಣದಿಂದ ಬಾದಾಮಿಗೆ ಸ್ಟೇಷನ್ ಮಾಸ್ತರರಾಗಿ ಬಂದು ಈ ಸೀಮೆಯಲ್ಲೇ ಉಳಿದವರು. ಠಾಣೆಯ ಯಹೂದಿ ಸಮಾಜದ ಒಂದು ಮಂಡಳಿ ಪ್ರತಿ ಮೇ ತಿಂಗಳಲ್ಲಿ ತಮ್ಮ ಮಕ್ಕಳಿಗಾಗಿ ಹತ್ತು ದಿನದ ಬೇಸಿಗೆ ಶಿಬಿರ ನಡೆಸುತ್ತಿತ್ತು. ಹೀಬ್ರೂ ಅಕ್ಷರ, ಪ್ರಾರ್ಥನೆ, ಹಾಡು, ಆಟ, ತಿರುಗಾಟ. ಆ ವರ್ಷ ಎಲ್ಲಿಗೆ ಹೋಗುವುದೆಂದು ಮಂಡಳಿಯವರು ಯೋಚಿಸುತ್ತಿದ್ದಾಗ ರೂಬೆನ ಫೋನಿನಲ್ಲಿ, ಗುಹೆಗಳಿವೆ, ಕೆರೆಯಿದೆ, ಊಟ ವಸತಿ ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ ಎಂದುಬಿಟ್ಟ.

ಹೆಂಡತಿ ಐಶ್ವರ್ಯ ಹುನಗುಂದದ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ತವರು ಇಳಕಲ್ಲೇ, ಬಸವಣ್ಣನ ಭಕ್ತರ ಮನೆತನ. ಮದುವೆಯಾಗಿ ಬಂದ ಮೇಲೆ ಅತ್ತೆ ರಾಹೇಲಬಾಯಿಯ ಬಳಿ ಕೂತು ಎಲ್ಲ ಕಲಿತಿದ್ದಳು. ಶುಕ್ರವಾರ ಸೂರ್ಯ ಮುಳುಗುವ ಮೊದಲು ಗಾಜಿನ ಲೋಟಗಳಲ್ಲಿ ಕೊಬ್ಬರಿ ಎಣ್ಣೆ ಹಾಕಿ ದೀಪ ಹಚ್ಚುವುದು, ಕಣ್ಣು ಮುಚ್ಚಿ ಹೀಬ್ರೂ ಮಂತ್ರ ಹೇಳುವುದು, ಒಣದ್ರಾಕ್ಷಿ ನೆನೆಸಿ ಶರಬತ್ತು ಹಿಂಡುವುದು, ಶನಿವಾರ ಒಲೆ ಹಚ್ಚದೆ ಇರುವುದು. ಮಾಂಸ ಹಾಲು ಬೆರೆಸಬಾರದೆಂಬ ಕಟ್ಟಳೆ ಅವಳ ಅಡುಗೆಮನೆಯಲ್ಲಿ ಪ್ರಶ್ನೆಯೇ ಆಗಲಿಲ್ಲ. ಮಾಂಸವೇ ಒಳಗೆ ಬರುತ್ತಿರಲಿಲ್ಲ. ಕೊರಳಿನ ಲಿಂಗವನ್ನು ಅವಳು ತೆಗೆಯಲಿಲ್ಲ. ತೆಗೆ ಎಂದು ಅತ್ತೆಯೂ ಹೇಳಲಿಲ್ಲ. ಮಗಳು ನವೋಮಿಗೆ ಈಗ ಹನ್ನೆರಡು. ಶಾಲೆಯ ಹಾಜರಿಯಲ್ಲಿ ಅವಳನ್ನು ನವಮಿ ಎಂದು ಬರೆದಾಗಲೆಲ್ಲ ಐಶ್ವರ್ಯಳೇ ಹೋಗಿ ತಿದ್ದಿಸಿ ಬರುತ್ತಿದ್ದಳು.

ಶಿಬಿರಕ್ಕೆಂದು ಬಾದಾಮಿಯಲ್ಲಿ ಒಂದು ಕಲ್ಯಾಣ ಮಂಟಪ ಹಿಡಿದರು. ಪಾತ್ರೆಗಳನ್ನೆಲ್ಲ ಹೊಸದಾಗಿಯೇ ತರಬೇಕೆಂದು ಮಂಡಳಿ ಹೇಳಿತ್ತು, ತಂದಳು. ರೊಟ್ಟಿ ಬಡಿಯಲು ತವರಿನ ಓಣಿಯ ಸಂಗವ್ವನನ್ನು ಕರೆದುಕೊಂಡಳು. ಸೋಮವಾರ ಬೆಳಿಗ್ಗೆ ಮೂವತ್ತೊಂದು ಮಕ್ಕಳು ರೈಲಿನಿಂದ ಇಳಿದರು; ನವೋಮಿ ಸೇರಿ ಮೂವತ್ತೆರಡು. ಜೊತೆಗೆ ಶಿಬಿರದ ಮುಖ್ಯಸ್ಥ ಎಝ್ರಾ ಸಾಹೇಬರು, ಬ್ಯಾಂಕಿನಿಂದ ನಿವೃತ್ತರಾದ ತೆಳ್ಳಗಿನ ಮನುಷ್ಯ. ಅವರ ಮಾತೆಲ್ಲ ಮರಾಠಿ. ಐಶ್ವರ್ಯಳಿಗೆ ಅತ್ತೆಯಿಂದ ಮರಾಠಿ ಬಂದಿತ್ತು.

ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಮುಂಜಾನೆ ಬಿಸಿಲೇರುವ ಮೊದಲು ಗುಡ್ಡ, ಮಧ್ಯಾಹ್ನ ಪಾಠ, ಸಂಜೆ ಆಟ. ಹೀಬ್ರೂ ಓದುವುದರಲ್ಲಿ ನವೋಮಿ ಎಲ್ಲರಿಗಿಂತ ಮುಂದಿದ್ದಾಳೆಂದು ಎಝ್ರಾ ಸಾಹೇಬರೇ ಹೇಳಿ, ಶುಕ್ರವಾರದ ದೀಪ ಹಚ್ಚುವವರ ಪಟ್ಟಿಯಲ್ಲಿ ಅವಳ ಹೆಸರನ್ನೇ ಮೊದಲು ಬರೆದು ಗೋಡೆಗೆ ಅಂಟಿಸಿದರು. ನವೋಮಿ ಅಜ್ಜಿಗೆ ಫೋನು ಮಾಡಿ, "ಅಜ್ಜಿ, ನೀ ಶುಕ್ರವಾರ ಬರಾಕಬೇಕು" ಎಂದಳು.

ಶುಕ್ರವಾರ ಮುಂಜಾನೆ ಐಶ್ವರ್ಯ ಬಾಗಿ ಹಿಟ್ಟು ನಾದುತ್ತಿದ್ದಾಗ ಕೊರಳಿನ ಬೆಳ್ಳಿಯ ಕರಡಿಗೆ ಸೀರೆಯ ಸೆರಗಿನಿಂದ ಹೊರಗೆ ಜಾರಿತು. ಚಹಾಕ್ಕೆ ಬಂದಿದ್ದ ಎಝ್ರಾ ಸಾಹೇಬರು ಅದನ್ನು ನೋಡಿ, ಏನಿದು ಎಂದು ಕೇಳಿದರು.

"ಲಿಂಗರಿ. ಸಣ್ಣಾಕಿ ಇದ್ದಾಗ ನಮ್ಮಪ್ಪ ಕಟ್ಟಿಸಿದ್ದು" ಎಂದಳು ಮರಾಠಿಯಲ್ಲೇ, ಮುಚ್ಚುಮರೆಯಿಲ್ಲದೆ.

ಅವರು ಕಪ್ಪನ್ನು ಅಲ್ಲೇ ಇಟ್ಟು ಹೊರಟುಹೋದರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಸಂಜೆ ನಾಲ್ಕಕ್ಕೆ ನವೋಮಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಜ್ಜಿ ಹೊಲಿಸಿಕೊಟ್ಟ ಬಿಳಿ ಲಂಗ ಉಟ್ಟು ತಯಾರಾಗಿದ್ದಳು.

"ಅವ್ವ, ನನ್ನ ಹೆಸರಿಗೆ ಕಾಟು ಹಾಕ್ಯಾರ."

"ಯಾಕಂತ ಕೇಳಿದೇನ?"

"ಕೇಳಿದ್ನಿ. ನಿಮ್ಮ ಪಪ್ಪಾಗ ಗೊತ್ತೈತಿ, ಅವರನ್ನ ಕೇಳು ಅಂದ್ರು."

ರೂಬೆನ ಹಿತ್ತಲಲ್ಲಿ ನೀರಿನ ಟ್ಯಾಂಕರಿನವನೊಡನೆ ನಿಂತಿದ್ದ. ಹೆಂಡತಿ ಬರುವುದನ್ನು ನೋಡಿದ ಕೂಡಲೇ ಅವನ ಮುಖ ಇಳಿಯಿತು. ಅದನ್ನು ಕಂಡೇ ಅವಳಿಗೆ ಅರ್ಧ ತಿಳಿಯಿತು.

"ಯಾವಾಗ ಹೇಳಿದ್ರು ನಿಮಗ?"

"ಮುಂಜಾನಿ" ಎಂದ ರೂಬೆನ. "ತಾಯಿ ಯಹೂದಿ ಇದ್ರ ಮಾತ್ರ ಮಗು ಯಹೂದಿ, ಅದು ಧರ್ಮದ ಕಟ್ಟಳಿ. ನವೋಮಿ ಆ ಲೆಕ್ಕದಾಗ ಬರೂದಿಲ್ಲ ಅಂದ್ರು. ಇನ್ನ ಆರ ದಿನ ಐತಿ ಐಶೂ. ಮುಗದ ಹೋಗಲಿ ಅಂತ ಸುಮ್ಮನ ಇದ್ದೆ."

"ಆರ ದಿನದ ಮಾತು ಅಲ್ಲರಿ ಇದು, ಹನ್ನೆರಡ ವರ್ಷದ್ದು. ಅಕಿಗೆ ಆ ಮಂತ್ರ ಕಲಿಸಿದಾಕಿ ನಾನು. ನಿಮಗರ ಪೂರ್ತಿ ಬರ್ತೈತೇನು?"

ರೂಬೆನನಿಗೆ ಪೂರ್ತಿ ಬರುತ್ತಿರಲಿಲ್ಲ. ಅವನು ತಲೆ ತಗ್ಗಿಸಿದ. ಎಝ್ರಾ ಸಾಹೇಬರ ಮಾತಿಗಿಂತ ಆ ತಗ್ಗಿದ ತಲೆಯೇ ಐಶ್ವರ್ಯಳ ಮೈ ಉರಿಸಿತು.

ಅವಳು ನೇರ ಸಭಾಂಗಣಕ್ಕೆ ನಡೆದಳು. ಎಝ್ರಾ ಸಾಹೇಬರು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸುತ್ತಿದ್ದರು. ಅವಳನ್ನು ಕಂಡು ಮೆತ್ತಗೆ, ಕಟ್ಟಳೆ ನಾನು ಮಾಡಿದ್ದಲ್ಲ ಎಂದರು. ಹುಡುಗಿ ಅತಿಥಿಯಾಗಿ ಎಲ್ಲರ ಜೊತೆ ಇರಬಹುದು, ಆಟ ಆಡಬಹುದು; ಪ್ರಾರ್ಥನೆಯ ಹೊತ್ತಿಗೆ ಮಾತ್ರ ಹಿಂದಿನ ಸಾಲಿನಲ್ಲಿ ಕೂತರೆ ಸಾಕು. ಮುಂದೆ ಬೇಕಿದ್ದರೆ ಪಂಡಿತರ ಎದುರು ಪರೀಕ್ಷೆ ಕೊಟ್ಟು, ಶುದ್ಧಿಸ್ನಾನ ಮಾಡಿ, ಪ್ರಮಾಣಪತ್ರ ತೆಗೆದುಕೊಳ್ಳಬಹುದು.

ಶುದ್ಧಿಯ ಮಾತು ಕಿವಿಗೆ ಬಿದ್ದದ್ದೇ ತಡ, ಐಶ್ವರ್ಯಳ ಮರಾಠಿ ಕೈಕೊಟ್ಟಿತು.

"ಅಕಿಗೆ ಏನ ಹತ್ತೇತಂತ ತೊಳೀತೀರಿ? ನಾ ಹತ್ತೇನೇನು? ನಾಕ ದಿನದಿಂದ ನನ್ನ ಕೈಯಾಗಿನ ರೊಟ್ಟಿ ಉಂಡೀರಿ. ಅದಕ್ಕ ಯಾವ ಕಾಗದ ಕೇಳಿದ್ರಿ? ಶಿಬಿರದ ಫಾರ್ಮಿನ್ಯಾಗ ನನ್ನ ತವರಿನ ಹೆಸರು ಬರದಿದ್ದೆ. ಓದದೆ ಸಹಿ ಮಾಡಿದವರು ನೀವು. ಕಟ್ಟಳಿ ಇದ್ರ ಅವತ್ತ ಹೇಳಬೇಕಿತ್ತು. ಹೆಸರ ಬರದು, ನಾಕ ಮಂದಿ ಮುಂದ ಹೊಗಳಿ, ಆಮ್ಯಾಲ ಕಾಟು ಹಾಕಿದ್ರಲ್ಲ, ಅದು ಯಾವ ಧರ್ಮ ಹೇಳ್ರಿ."

ಎಝ್ರಾ ಸಾಹೇಬರಿಗೆ ಮಾತು ಅರ್ಥವಾಗಲಿಲ್ಲ. ಅವರು ಬಾಗಿಲ ಕಡೆ ನೋಡಿದರು. ಅಲ್ಲಿ ರಾಹೇಲಬಾಯಿ ನಿಂತಿದ್ದರು, ಆಗತಾನೆ ಇಳಕಲ್ ಬಸ್ಸಿನಿಂದ ಇಳಿದು ಬಂದವರು. ನಲವತ್ತು ವರ್ಷ ದವಾಖಾನೆಯಲ್ಲಿ ನರ್ಸ್ ಆಗಿದ್ದ ಆಕೆ ಸೊಸೆಯ ಮಾತನ್ನು ಒಂದೂ ಬಿಡದೆ ಮರಾಠಿಗೆ ತಿರುಗಿಸಿ ಹೇಳಿದರು. ಹೇಳಿ ಮುಗಿಸಿ ತಮ್ಮದೊಂದು ಸೇರಿಸಿದರು: ಪ್ರಾರ್ಥನೆಗೆ ಬೇಕಾದ ಹತ್ತು ಜನ ಗಂಡಸರೂ ಸೇರದ ಊರಿನಲ್ಲಿ ನಮ್ಮ ಧರ್ಮ ಉಳಿದದ್ದು ಈ ಸೊಸೆಯ ಕೈಯಲ್ಲಿ, ಇವಳಿಲ್ಲದಿದ್ದರೆ ನನ್ನ ಮಗ ಶನಿವಾರ ಯಾವುದೆಂಬುದನ್ನೇ ಮರೆಯುತ್ತಿದ್ದ. ಎಲ್ಲರಿಗಿಂತ ಹಿರಿಯರೆಂದು ಮುಂದಿನ ಸಾಲಿನಲ್ಲಿ ಹಾಕಿದ್ದ ಕುರ್ಚಿಯನ್ನು ಅವರು ತಾವೇ ಎಳೆದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಹಾಕಿ ಕೂತರು.

ಎಝ್ರಾ ಸಾಹೇಬರು ತಮ್ಮ ಮಾತು ಬದಲಿಸಲಿಲ್ಲ. ದೀಪವನ್ನು ಬೇರೊಬ್ಬ ಹುಡುಗಿ ಹಚ್ಚಿದಳು. ಮಂತ್ರದ ನಡುವೆ ಅವಳಿಗೆ ಮಾತು ತಪ್ಪಿತು. ಆಗ ಹಿಂದಿನ ಸಾಲಿನಿಂದ ನವೋಮಿಯ ದನಿ ಬಂತು. ತಪ್ಪಿದ ಆ ಎರಡು ಶಬ್ದಗಳನ್ನಷ್ಟೇ ಹೇಳಿ ಸುಮ್ಮನಾದಳು. ಯಾರೂ ತಿರುಗಿ ನೋಡಲಿಲ್ಲ.

ಐಶ್ವರ್ಯ ಅಡುಗೆಮನೆಯಲ್ಲಿ ಗಂಟುಮೂಟೆ ಕಟ್ಟುತ್ತಿದ್ದಳು. ಸಂಗವ್ವ ಪಕ್ಕದಲ್ಲಿ ನಿಂತು, "ಮಕ್ಕಳಿಗೆ ನೀಡಿ ಹೋಗೂಣು ತಂಗಿ. ಅವೇನ ಮಾಡ್ಯಾವ?" ಎಂದಳು. ಐಶ್ವರ್ಯ ಮೂವತ್ತೆರಡು ತಟ್ಟೆಗೂ ತಾನೇ ಬಡಿಸಿದಳು. ಎಝ್ರಾ ಸಾಹೇಬರ ತಟ್ಟೆಗೂ ಬಡಿಸಿದಳು, ಮುಖ ನೋಡದೆ.

ಊಟವಾದ ಮೇಲೆ ಮಗಳನ್ನು ಕರೆದು, "ಚೀಲ ತಗೋ. ಮನಿಗೆ ಹೋಗೂಣು" ಎಂದಳು.

ನವೋಮಿ ಅಲುಗಲಿಲ್ಲ. "ನಾ ಬರೂದಿಲ್ಲ ಅವ್ವ."

"ಇಷ್ಟೆಲ್ಲ ಆದ ಮ್ಯಾಲನೂ ಇರ್ತೀಯಾ?"

"ನಾ ಹ್ವಾದ್ರ ಅವರು ಅಂದಿದ್ದ ಖರೆ ಆಗ್ತೈತಿ" ಎಂದಳು ಹುಡುಗಿ. ಅವಳ ಕಣ್ಣುಗಳು ತುಂಬಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಗೆಳತ್ಯಾರು ನನಗ ಏನೂ ಅಂದಿಲ್ಲ. ರವಿವಾರ ಗುಡ್ಡದ ಮ್ಯಾಲಿನ ಕೋಟೆಗೆ ಹೋಗೂದೈತಿ. ನಾ ಅವರಿಗೆ ದಾರಿ ತೋರಸ್ತೇನಂತ ಹೇಳೇನಿ."

ಐಶ್ವರ್ಯ ಕಟ್ಟಿದ ಗಂಟನ್ನು ಬಿಚ್ಚಿದಳು. ಉಳಿದ ದಿನ ಅಡುಗೆ ಮಾಡಿದಳು. ಶಿಬಿರದ ಕೊನೆಯ ದಿನ ಅವಳು ಒಲ್ಲೆನೆಂದದ್ದಕ್ಕೆ, ಸನ್ಮಾನಕ್ಕೆಂದು ಅವಳಿಗೆ ಹೊದಿಸಲು ತಂದ ಶಾಲನ್ನು ಎಝ್ರಾ ಸಾಹೇಬರು ಮಡಚಿಕೊಂಡು ಹೋಗಬೇಕಾಯಿತು.

ಗಂಡನೊಡನೆ ಮಾತು ಬಿಟ್ಟದ್ದು ಎರಡು ವಾರ. ಕೊನೆಗೆ ರೂಬೆನ ಒಂದು ರವಿವಾರ ಕೂತು ಮಂಡಳಿಗೆ ಪತ್ರ ಬರೆದ. ಮುಂಜಾನೆಯೇ ಗೊತ್ತಿದ್ದೂ ಬಾಯಿ ಬಿಡದ ತನ್ನ ತಪ್ಪನ್ನೂ ಅದರಲ್ಲಿ ಬರೆದು, ಹೆಂಡತಿಗೆ ಓದಿ ತೋರಿಸಿ, ಆಮೇಲೆ ಕಳಿಸಿದ. ಮೂರು ಸಾಲಿನ ಉತ್ತರ ಬಂತು: ರುಚಿಯಾದ ಊಟಕ್ಕೆ ಧನ್ಯವಾದಗಳು, ನಿಯಮ ಬದಲಾಗದು, ಕುಮಾರಿ ನವೋಮಿಗೆ ಅತಿಥಿಯಾಗಿ ಸದಾ ಸ್ವಾಗತ. ರೂಬೆನ ಮಂಡಳಿಯ ಸದಸ್ಯತ್ವ ಬಿಟ್ಟ.

ಅವನ ಪತ್ರದ ನಕಲು ಹೇಗೋ ಬೇರೆಯವರ ಕೈ ಸೇರಿ, ಪುಣೆಯಿಂದ, ಮುಂಬಯಿಯಿಂದ ಫೋನುಗಳು ಬಂದವು. ಮಾಡಿದವರೆಲ್ಲ ಇಂಥದೇ ಮಾತು ಕೇಳಿ ಮಕ್ಕಳನ್ನು ಶಿಬಿರಕ್ಕೆ ಕಳಿಸುವುದನ್ನೇ ಬಿಟ್ಟವರು. ನಿಮ್ಮ ಮನೆಯಲ್ಲೇ ಒಂದು ವಾರ ಮಕ್ಕಳನ್ನು ಸೇರಿಸುತ್ತೀರಾ ಎಂದು ಕೇಳಿದರು. ಐಶ್ವರ್ಯ ಒಪ್ಪಿದಳು. ಫಾರ್ಮಿನಲ್ಲಿ ಮಗುವಿನ ಹೆಸರು, ವಯಸ್ಸು, ಔಷಧಿ ಏನಾದರೂ ಇದ್ದರೆ ಅದು, ಇಷ್ಟೇ ಇರಬೇಕೆಂದಳು. ಮುಂದಿನ ಮೇ ತಿಂಗಳಲ್ಲಿ ಹನ್ನೊಂದು ಮಕ್ಕಳು ಇಳಕಲ್ಲಿಗೆ ಬಂದರು. ಹೀಬ್ರೂ ಅಕ್ಷರ ಕಲಿಸಿದ್ದು ನವೋಮಿ.

ಅದೇ ವಾರ ಎಝ್ರಾ ಸಾಹೇಬರು ರೂಬೆನನಿಗೆ ಫೋನು ಮಾಡಿ, ಅಂದು ನಿಮ್ಮ ಮನೆಯವರ ಮನಸ್ಸು ನೋಯಿಸಿದೆ, ಕ್ಷಮೆ ಕೇಳಿದೆನೆಂದು ಹೇಳಿ ಎಂದರು. ರೂಬೆನ ಬಂದು ಹಾಗೇ ಹೇಳಿದ.

"ನನ್ನ ಕೇಳೂದು ಬ್ಯಾಡ. ಕಾಟು ಹಾಕಿದ್ದು ನನ್ನ ಹೆಸರಿಗಲ್ಲ. ಅಕಿನ್ನ ಕೇಳಲಿ" ಎಂದಳು ಐಶ್ವರ್ಯ.

ರೂಬೆನ ಅದನ್ನೂ ಅವರಿಗೆ ಮುಟ್ಟಿಸಿದ. ಸಣ್ಣ ಹುಡುಗಿಯನ್ನು ಹೇಗೆ ಕೇಳುವುದು ಎಂದರಂತೆ. ಇನ್ನೂ ಕೇಳಿಲ್ಲ.