ಬೆಲ್ಲಾ ತಂದ ಗ್ಯಾಸ್ ಸುಣ್ಣ

ಟೈನ್ ನದಿಯ ದಂಡೆಯ ನಮ್ಮ ಗ್ಯಾಸ್ ಕಾರ್ಖಾನೆಯಲ್ಲಿ ಕಲ್ಲಿದ್ದಲು ಕಾಯಿಸಿ ಗ್ಯಾಸ್ ತೆಗೆದ ಮೇಲೆ ಏನೂ ದಂಡವಾಗುತ್ತಿರಲಿಲ್ಲ. ಉಳಿದ ಕೋಕ್ ಇದ್ದಿಲು ಮನೆಗಳ ಒಲೆಗೆ ಹೋಗುತ್ತಿತ್ತು, ಟಾರು ದೋಣಿಗಳಿಗೆ. ಗ್ಯಾಸನ್ನು ಶುದ್ಧ ಮಾಡಿ ನೀಲಿಗಟ್ಟಿದ ಸುಣ್ಣ ಮಾತ್ರ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಅದನ್ನೂ ತೋಟದವರು ಒಯ್ಯುತ್ತಿದ್ದರು. ಕೋಸಿನ ಬೇರು ಗಂಟುಕಟ್ಟುವ ರೋಗಕ್ಕೆ ನಮಗೆ ಗೊತ್ತಿದ್ದ ಮದ್ದು ಅದೊಂದೇ.

ಅಂಗಳದ ಉಸ್ತುವಾರಿ ನನ್ನದು. ಏಪ್ರಿಲ್‌ನಲ್ಲಿ ಬೆಲ್ಲಾ ಚಾರ್ಲ್‌ಟನ್ ಬಂದಳು. ಗಂಡ ಗಣಿಯಲ್ಲಿ ಸತ್ತಿದ್ದ. ಅವನು ಗೇಯುತ್ತಿದ್ದ ತರಕಾರಿ ತೋಟದ ತುಂಡನ್ನು ಊರಿನ ತೋಟಗಳ ಸಮಿತಿ ಅವಳಿಗೆ ಬಿಟ್ಟುಕೊಟ್ಟಿತ್ತು. ಜೂನ್ ತಪಾಸಣೆಯಲ್ಲಿ ಪೈರು ಕಾಣದಿದ್ದರೆ ಅದು ಬೇರೆಯವರ ಪಾಲು.

"ಸುಣ್ಣ ಬೇಕು, ಜಾಸ್."

"ಈಗ ಬೇಡ ಬೆಲ್ಲಾ. ಹಸಿ ಸುಣ್ಣ ಬೇರು ಸುಟ್ಟುಬಿಡುತ್ತೆ. ಐದಾರು ತಿಂಗಳು ಗಾಳಿಗೆ ಬಿದ್ದಿರಬೇಕು."

"ಸಮಿತಿ ಕಾರ್ಯದರ್ಶಿ ಡಾಡ್ಸ್‌ಗೆ ಕೊಟ್ಯಲ್ಲ?"

"ಅವನು ಒಯ್ದಿದ್ದು ಹೋದ ಅಕ್ಟೋಬರ್‌ನಲ್ಲಿ, ಅಂಗಳದಲ್ಲಿ ಒಣಗಿದ್ದು. ಅದೀಗ ಖಾಲಿ."

"ಹೂಂ, ಗಂಡಸ್ರಿಗೆ ಗಂಡಸ್ರೇ ಆಗ್ಬರೋದು!"

ನಾನಿಲ್ಲದ ದಿನ ನೋಡಿ ಕಾರ್ಖಾನೆಯ ಗಾಡಿಯವನನ್ನು ಹಿಡಿದಳು. ಕೇಳಿದ್ದು ಒಂದು ಗಾಡಿ. ನಾತ ತೊಲಗಿದರೆ ಸಾಕೆಂದು ಅವನು ಮೂರು ಗಾಡಿ ಸುರಿದು ಹೋದ. ಅರ್ಧ ಗಾಡಿ ಹರಡಿ ಕೋಸಿನ ಸಸಿ ನೆಟ್ಟಳು. ವಾರದೊಳಗೆ ಎಲ್ಲ ಕಂದಿಹೋದವು. ಉಳಿದ ಸುಣ್ಣ ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದಿತ್ತು.

"ನಾನು ಹೇಳಿರ್ಲಿಲ್ವಾ ಅಂತ ಅಂದುಬಿಡು, ಮುಗೀಲಿ," ಅಂದಳು, ನಾನು ನೋಡಹೋದಾಗ.

"ಅನ್ನಲ್ಲ. ಗುಡ್ಡೆ ಎತ್ತಿ ಎಸೀಬೇಡ. ವಾರಕ್ಕೊಂದ್ಸಲ ಸಲಿಕೇಲಿ ಮಗುಚಿಹಾಕು."

ಜೂನ್‌ನಲ್ಲಿ ಸಮಿತಿ ಬಂತು. ಅದರಲ್ಲಿ ನಾನೂ ಒಬ್ಬ. ಕಾರ್ಯದರ್ಶಿ ರಾಲ್ಫ್ ಡಾಡ್ಸ್ ಮೂಗು ಮುಚ್ಚಿಕೊಂಡ.

"ಇಲ್ಲಿ ಹುಲ್ಲೂ ಇಲ್ವಲ್ಲ. ನಿಯಮ ಅಂದ್ರೆ ನಿಯಮ."

"ಸರಿ. ನಿನ್ನ ಕೋಸು ಹೆಂಗಿದೆ, ರಾಲ್ಫ್?" ಅಂದೆ ನಾನು.

"ಸುಣ್ಣ ಹಾಕಿದ ಕಡೆ ಚೆನ್ನಾಗಿದೆ. ಸಾಲದೆ ಬಿಟ್ಟಿದ್ನಲ್ಲ, ಆ ಅರ್ಧ ಪೂರ್ತಿ ಗಂಟು."

"ಕಾರ್ಖಾನೇಲಿ ಈಗ ಸುಣ್ಣ ಒಣಗೋಕೆ ಬಿಡ್ತಿಲ್ಲ, ಅಕ್ಕಪಕ್ಕದೋರ ತಕರಾರು. ಅಕ್ಟೋಬರ್‌ಗೆ ಹದವಾಗೋ ಸುಣ್ಣ ಅಂತ ಊರಲ್ಲಿರೋದು ಈ ಗುಡ್ಡೆ ಒಂದೇ. ಬೆಲ್ಲಾನ ಕಳಿಸಿದ್ರೆ ಗುಡ್ಡೇನೂ ಅವಳ ಜೊತೆ ಹೋಗುತ್ತೆ."

"ಹೋಗುತ್ತೆ," ಅಂದಳು ಬೆಲ್ಲಾ. "ನದಿಗೆ ಸುರೀತೀನಿ."

ಡಾಡ್ಸ್ ಗುಡ್ಡೆಯ ಸುತ್ತ ಒಂದು ಸುತ್ತು ಬಂದ. ಬೂಟಿನ ತುದಿಯಿಂದ ಒಂದು ಹೆಂಟೆ ಒಡೆದು ನೋಡಿದ. ಆಮೇಲೆ ಪುಸ್ತಕ ತೆಗೆದು, "ನೆಲ ಹದ ಮಾಡಲಾಗುತ್ತಿದೆ. ಮುಂದಿನ ಜೂನ್‌ಗೆ ನೋಡುವುದು," ಎಂದು ಬರೆದ.

"ನಂಗೆ ನಾಲ್ಕು ತಳ್ಳುಗಾಡಿ ಸುಣ್ಣ ಎತ್ತಿಡು, ಬೆಲ್ಲಾ."

"ನೋಡೋಣ," ಅಂದು ಬೆಲ್ಲಾ ಸಲಿಕೆ ಎತ್ತಿಕೊಂಡಳು.